ಧನುರ್ವಾಯುವಿನ ಜಾಡು ಹಿಡಿದ ಕಿಟಸಾಟೊ

ಮೈಯನ್ನು ಬಿಲ್ಲಿನಂತೆ ಬಗ್ಗಿಸುವ ಬೇನೆಗೆ ನಮ್ಮ ಹಿರಿಯರಿಟ್ಟ ಹೆಸರು ಧನುರ್ವಾಯು, ಅದೇ ಟೆಟನಸ್. ಇದರ ರೋಗಾಣುವನ್ನು ಮೊದಲು ಶುದ್ಧವಾಗಿ ಬೆಳೆಸಿದವರು, ನಮ್ಮಂತೆಯೇ ಊರು ಬಿಟ್ಟು ಪರದೇಶಕ್ಕೆ ಹೋಗಿದ್ದ ಜಪಾನೀ ವೈದ್ಯರೊಬ್ಬರು.

ಶಿಬಾಸಾಬುರೊ ಕಿಟಸಾಟೊ ಹುಟ್ಟಿದ್ದು 1853ರಲ್ಲಿ, ಕ್ಯೂಶೂ ದ್ವೀಪದ ಒಗುನಿಯಲ್ಲಿ. ಟೋಕಿಯೋದಲ್ಲಿ ವೈದ್ಯರಾಗಿ, ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಅವರ ಶಿಷ್ಯರಾದರು. ಕೋಲಿನಾಕಾರದ, ಗ್ರಾಂ ಪಾಸಿಟಿವ್ ಗುಂಪಿನ ಈ ಬ್ಯಾಕ್ಟೀರಿಯಾ ಗಾಳಿ ಸೋಕಿದರೆ ಬೆಳೆಯದು. ಗಾಯದಲ್ಲಿ ಇತರ ಜೀವಾಣುಗಳೊಡನೆ ಬೆರೆತಿರುತ್ತದೆ. ಅದನ್ನು ಬೇರ್ಪಡಿಸುವುದು ಯಾರಿಗೂ ಸಾಧ್ಯವಾಗಿರಲಿಲ್ಲ. ಆದರೆ ಅದರ ಬೀಜಕಣಗಳು ಬಿಸಿಗೆ ಜಗ್ಗುವುದಿಲ್ಲ. ಕಿಟಸಾಟೊ ಎಲ್ಲವನ್ನೂ 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು, ಮಿಕ್ಕವು ಸತ್ತವು. ಬದುಕಿದ್ದನ್ನು ಹೈಡ್ರೋಜನ್ ತುಂಬಿದ ಪಾತ್ರೆಯಲ್ಲಿ ಬೆಳೆಸಿದರು. ಅದು 1889. ಮರುವರ್ಷ ಎಮಿಲ್ ಬೆಹ್ರಿಂಗ್ ಜೊತೆಗೂಡಿ, ಟೆಟನಸ್ ವಿಷವನ್ನು ಗೆದ್ದ ಪ್ರಾಣಿಯ ಸೀರಂ ಇನ್ನೊಂದು ಪ್ರಾಣಿಯನ್ನು ಕಾಯುತ್ತದೆಂದು ತೋರಿಸಿದರು. 1901ರಲ್ಲಿ, ಮುಖ್ಯವಾಗಿ ಡಿಫ್ತೀರಿಯಾ ಸೀರಮ್ಮಿಗಾಗಿ, ಮೊದಲ ವೈದ್ಯಕೀಯ ನೊಬೆಲ್ ಬೆಹ್ರಿಂಗ್ ಒಬ್ಬರಿಗೇ ಸಂದಿತು. ನನಗಂತೂ ಅದು ಇಂದಿಗೂ ಸರಿಯೆನಿಸಿಲ್ಲ.

1892ರಲ್ಲಿ ತಾಯ್ನಾಡಿಗೆ ಮರಳಿದರೆ ಸ್ವಾಗತ ಅಷ್ಟಕ್ಕಷ್ಟೆ. ಬೆರಿಬೆರಿಗೆ ರೋಗಾಣು ಕಾರಣವೆಂದಿದ್ದ ಹಿರಿಯರೊಬ್ಬರನ್ನು ಅವರು ಬರ್ಲಿನ್ನಿನಿಂದಲೇ ಖಂಡಿಸಿದ್ದರು. ವಿಟಮಿನ್ ಕೊರತೆಯೇ ಕಾರಣವೆಂದು ಲೋಕಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಟೋಕಿಯೋ ವಿಶ್ವವಿದ್ಯಾಲಯ ಮಾತ್ರ ಮುನಿಸಿಕೊಂಡಿತ್ತು. ಫುಕುಝಾವಾ ಯುಕಿಚಿಯವರ ನೆರವಿನಿಂದ ಸಂಶೋಧನಾಲಯ ಕಟ್ಟಿದರು. 1914ರಲ್ಲಿ ಸರ್ಕಾರ ಅದನ್ನು ಅದೇ ವಿಶ್ವವಿದ್ಯಾಲಯದ ಕೈಗೊಪ್ಪಿಸಲು ಹೊರಟಾಗ ರಾಜೀನಾಮೆಯಿತ್ತರು. ಸಹೋದ್ಯೋಗಿಗಳೂ ಹಿಂದೆಯೇ ನಡೆದರು. ಅರವತ್ತು ದಾಟಿದ ಮೇಲೆ ಮತ್ತೆ ಹೊಸ ಸಂಸ್ಥೆ!

ಕಾಖ್ 1910ರಲ್ಲಿ ತೀರಿಕೊಂಡಾಗ ಗುರುವಿಗೊಂದು ಪುಟ್ಟ ಗುಡಿ ಕಟ್ಟಿಸಿದ್ದರು. 1931ರಲ್ಲಿ ಕಿಟಸಾಟೊ ತೀರಿಕೊಂಡರು. ಟೋಕಿಯೋದ ಆ ಗುಡಿಗೆ ಈಗ ಗುರು ಶಿಷ್ಯರಿಬ್ಬರ ಹೆಸರೂ ಇದೆ.