ಕುಮಟಗಿಯ ಕಾರಂಜಿ, ನವರಸಪುರದ ದೊರೆ

ಆಲಮೇಲದಿಂದ ಸಿಂದಗಿ, ದೇವರ ಹಿಪ್ಪರಗಿ ದಾಟಿ ವಿಜಯಪುರಕ್ಕೆ ಹೋಗೋರು ಕುಮಟಗಿಯಲ್ಲಿ ಇಳಿಯೋದು ಕಡಿಮೆ. ಇಳಿದು ನೋಡ್ರಿ. ಆದಿಲ್‌ಶಾಹಿ ಅರಸರು ಬೇಟೆಗೆ, ಬೇಸಿಗೆ ಕಳೆಯೋಕೆ ಬರ್ತಿದ್ದ ಜಾಗ ಅದು. ಪಕ್ಕದಲ್ಲೇ ದೊಡ್ಡ ಕೆರೆ. ಕೊಳದ ನಡುವೆ ನಿಂತ ಮಂಟಪ, ಗೋಡೆ ಮೇಲೆ ಮಾಸಿದ ಚಿತ್ರಗಳು: ಕುದುರೆ ಏರಿ ಪೋಲೋ ಆಡುವವರು, ಟೋಪಿ ಹಾಕಿದ ಯುರೋಪಿನವರು.

ನಮಗೆ ಮುಖ್ಯ ಆಗೋದು ನೀರು. ಕೆರೆಯ ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಗಾರೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ಇಳಿಸುತ್ತಿದ್ದರು. ಮಂಟಪದ ಛಾವಣಿಯಿಂದ ಅದು ಸಣ್ಣ ಮಳೆಯಂತೆ ಸುರಿಯುತ್ತಿತ್ತು. ಹತ್ತು ಮೀಟರ್ ಎತ್ತರ ಸಿಕ್ಕರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ. ಎರಡನೇ ಸೆಮಿಸ್ಟರ್‌ನವರಿಗೂ ಗೊತ್ತಿರೋ ಲೆಕ್ಕ. ಮಳೆ ಕಾಣದ ಸೀಮೆಯಲ್ಲಿ ಮಳೆಯನ್ನೇ ಮನೆಯೊಳಗೆ ತರಿಸೋದು, ರಾಜರ ಶೋಕಿ ಅಂದ್ರೆ ಇದೇ ಇರಬೇಕು.

ಈ ಮನೆತನದ ಆರನೇ ದೊರೆ ಎರಡನೇ ಇಬ್ರಾಹಿಂ ಆದಿಲ್ ಶಾ. 1580ರಲ್ಲಿ ದೊಡ್ಡವರ ಕೊಲೆಯಾದಾಗ ಒಂಬತ್ತು ವರ್ಷದ ಹುಡುಗ ಪಟ್ಟಕ್ಕೆ ಬಂದ. ಸತ್ತ ದೊರೆ ಒಂದನೇ ಅಲಿ ಅವನ ತಂದೆಯ ಸಹೋದರ. ಅಲಿಯ ಹೆಂಡತಿ ಚಾಂದ್ ಬೀಬಿ ಇವನನ್ನು ನೋಡಿಕೊಂಡಳು. ಅಧಿಕಾರ ಮಾತ್ರ ಸರದಾರರ ಕೈಯಲ್ಲಿ. ಒಬ್ಬನಾದ ಮೇಲೆ ಒಬ್ಬ ಬಂದು, ಕೊನೆಗೆ ದಿಲಾವರ್ ಖಾನ್ ಎಂಟು ವರ್ಷ ದರ್ಬಾರು ನಡೆಸಿದ. 1590ರಲ್ಲಿ ಇಬ್ರಾಹಿಂ ಅವನನ್ನು ಕಿತ್ತೊಗೆದ. ಆಮೇಲೆ ಕೈಗೆ ಸಿಕ್ಕಾಗ ಕಣ್ಣು ಕೀಳಿಸಿ ಸೆರೆಗೆ ಹಾಕಿಸಿದ. ಬೆಳಗಾವಿಯಲ್ಲಿ ಬಂಡೆದ್ದ ಸ್ವಂತ ತಮ್ಮನೂ ಉಳಿಯಲಿಲ್ಲ. ಸಂಗೀತಪ್ರೇಮಿ ಅಂತ ಬರೀ ಹೊಗಳೋರು ಈ ಪುಟಗಳನ್ನು ಹಾರಿಸಿಬಿಡ್ತಾರೆ.

ಹೊಗಳೋದಕ್ಕೂ ಕಾರಣ ಐತಿ ಬಿಡ್ರಿ. ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕವನ್ನು ತಾನೇ ಬರೆದ. ಅದರಲ್ಲಿ ಸರಸ್ವತಿಗೂ ಕಲಬುರಗಿಯ ಬಂದೇ ನವಾಜರಿಗೂ ನಮಸ್ಕಾರ ಇದೆ. ತನ್ನ ತಂಬೂರಕ್ಕೆ ಮೋತಿ ಖಾನ್, ಆನೆಗೆ ಆತಶ್ ಖಾನ್ ಅಂತ ಹೆಸರು! ಜನ ಅವನನ್ನು ಜಗದ್ಗುರು ಎಂದು ಕರೆದರು.

1599ರಲ್ಲಿ ಅವನು ಊರಿನ ಪಶ್ಚಿಮಕ್ಕೆ, ತೊರವಿಯ ಹತ್ತಿರ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಿಸಲು ಶುರು ಮಾಡಿದ. ಜಾಗದ ಆಯ್ಕೆ ಗಮನಿಸಿ: ವಿಜಯಪುರಕ್ಕೆ ಸುರಂಗದಲ್ಲಿ ನೀರು ಹರಿದು ಬರ್ತಿದ್ದದ್ದು ತೊರವಿಯ ಕಡೆಯಿಂದಲೇ. ಅರಮನೆ ಎದ್ದಿತು, ದುಂಡಗಿನ ಕೋಟೆಗೋಡೆ ಅರ್ಧಕ್ಕೇ ನಿಂತಿತು.

1624ರಲ್ಲಿ ಬಿಜಾಪುರ ಮೊಘಲರ ಜೊತೆ ಸೇರಿ ಅಹ್ಮದ್‌ನಗರದ ಮಲಿಕ್ ಅಂಬರನ ಮೇಲೆ ಹೋಯಿತು. ಭಾತವಡಿಯಲ್ಲಿ ಅಂಬರ ಗೆದ್ದ. ಗೆದ್ದವನು ನೇರ ಬಂದು ನವರಸಪುರವನ್ನು ಲೂಟಿ ಮಾಡಿದ. ಕಾಲು ಶತಮಾನದ ಕನಸು, ಕೋಟೆಗೋಡೆಯೂ ಇಲ್ಲದ ಊರು, ಉಳಿಸೋರು ಯಾರು? ಇಬ್ರಾಹಿಂ ಅದನ್ನು ಮತ್ತೆ ಕಟ್ಟಲಿಲ್ಲ. 1627ರಲ್ಲಿ ತೀರಿಕೊಂಡ, ರಾಣಿ ತಾಜ್ ಸುಲ್ತಾನಾಳಿಗೆಂದು ಮಲಿಕ್ ಸಂದಲ್ ಕಟ್ಟುತ್ತಿದ್ದ ರೋಜಾದಲ್ಲೇ ಅವನನ್ನೂ ಮಣ್ಣು ಮಾಡಿದರು. ನವರಸಪುರದ ಸಂಗೀತ ಮಹಲಿನ ಮುರಿದ ಕಮಾನುಗಳು ತೊರವಿಯಲ್ಲಿ ಇನ್ನೂ ನಿಂತಿವೆ.