ಕಣಗಿನಹಾಳದ ಸಿದ್ಧನಗೌಡರು

ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಹತ್ತಿ, ಜೋಳಗಳನ್ನು ಬೆಳೆಯುವ ಸಣ್ಣ ಹಳ್ಳಿ ಕಣಗಿನಹಾಳ. ಗದಗ ತಾಲ್ಲೂಕಿನ ಈ ಊರು 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಧಾರವಾಡ ಜಿಲ್ಲೆಗೇ ಸೇರಿತ್ತು. ಭಾರತದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಇದರ ಹೆಸರನ್ನು ನೆಲೆಗೊಳಿಸಿದವರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಅವರು ಜನಿಸಿದ್ದು 1843ರಲ್ಲಿ.

ಅಂದಿನ ರೈತನ ಬದುಕು ಮಳೆ ಮತ್ತು ಸಾಲಗಳ ನಡುವೆ ತೂಗಾಡುತ್ತಿತ್ತು. ಬಿತ್ತನೆಯ ಬೀಜಕ್ಕೆ, ಎತ್ತಿನ ಜೋಡಿಗೆ, ಮಗಳ ಮದುವೆಗೆ, ಸರ್ಕಾರದ ಕಂದಾಯಕ್ಕೆ ಎಲ್ಲಕ್ಕೂ ಅವನು ಸಾವಕಾರನ ಬಾಗಿಲಿಗೇ ಹೋಗಬೇಕಾಗಿತ್ತು. ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವವನಿಗೆ ಅದರಲ್ಲಿ ಬರೆದಿರುವುದು ಏನೆಂದು ತಿಳಿಯುತ್ತಿರಲಿಲ್ಲ. ಸುಗ್ಗಿಯಲ್ಲಿ ಕೊಟ್ಟ ಹಣ ಜಮೆಯಾಯಿತೆ, ಉಳಿದ ಬಡ್ಡಿ ಅಸಲಿನೊಡನೆ ಕೂಡಿತೆ ಎಂಬುದನ್ನು ಹೇಳಬಲ್ಲ ಪುಸ್ತಕ ಒಂದೇ. ಅದು ಇದ್ದುದು ಸಾವಕಾರನ ಕೈಯಲ್ಲಿ. ಸಾವಕಾರರೆಲ್ಲರೂ ಮೋಸಗಾರರೆಂದಲ್ಲ. ಆದರೆ ಪ್ರಾಮಾಣಿಕನ ಲೆಕ್ಕವನ್ನೂ ವಂಚಕನ ಲೆಕ್ಕವನ್ನೂ ಬೇರ್ಪಡಿಸಿ ನೋಡುವ ಉಪಾಯ ರೈತನಿಗೆ ಇರಲಿಲ್ಲ. ಹೊಲ ಕೈಬಿಟ್ಟು ಹೋಗುತ್ತಿದ್ದುದು ಎಷ್ಟೋ ಸಲ ಈ ಕತ್ತಲೆಯಲ್ಲಿಯೇ.

ಸಿದ್ಧನಗೌಡರಿಗೆ 32 ವರ್ಷವಾಗಿದ್ದಾಗ, ಅಂದರೆ 1875ರಲ್ಲಿ, ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದರು. ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು ಮತ್ತು ಲೆಕ್ಕದ ಪುಸ್ತಕಗಳನ್ನು. ತಮ್ಮನ್ನು ಕಟ್ಟಿಹಾಕಿದ್ದು ಯಾವುದೆಂದು ಅವರು ಚೆನ್ನಾಗಿ ಅರಿತಿದ್ದರು. ಮರುವರ್ಷವೇ ತಲೆದೋರಿ 1878ರವರೆಗೆ ಕಾಡಿದ ಭೀಕರ ಕ್ಷಾಮ ಧಾರವಾಡ ಜಿಲ್ಲೆಯನ್ನೂ ಹಿಂಡಿಹಾಕಿತು. 1879ರಲ್ಲಿ ಸರ್ಕಾರ ದಖ್ಖನಿನ ರೈತರ ಪರಿಹಾರಕ್ಕಾಗಿ ಒಂದು ಕಾಯಿದೆಯನ್ನು ತಂದು, ಸಾಲಗಾರನಿಗೆ ಪಾವತಿಯನ್ನೂ ಲೆಕ್ಕದ ವಿವರವನ್ನೂ ಕೊಡಬೇಕೆಂದು ವಿಧಿಸಿತು. ಆದರೆ ಅಕ್ಷರವರಿಯದವನ ಕೈಯಲ್ಲಿ ಪಾವತಿ ಇದ್ದರೂ ಅದನ್ನು ಓದಿಕೊಡುವವರು ಬೇಕಲ್ಲವೆ?

ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬ ಮಹನೀಯನು ಕಟ್ಟಿ ಬೆಳೆಸಿದ ಪತ್ತಿನ ಸಂಘಗಳ ಮಾದರಿಯನ್ನು ಅನುಸರಿಸಿ, 1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಅದರ ಮರುವರ್ಷವೇ, 62ರ ವಯಸ್ಸಿನಲ್ಲಿ, ಸಿದ್ಧನಗೌಡರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಕನ್ನಡನಾಡು ಅದನ್ನು ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಗೌರವಿಸುತ್ತ ಬಂದಿದೆ.

ಈ ಬಗೆಯ ಸಂಘಕ್ಕೆ ಹಣ ಎಷ್ಟು ಮುಖ್ಯವೋ ತಿಳಿವಳಿಕೆಯೂ ಅಷ್ಟೇ ಮುಖ್ಯ. ಒಂದೇ ಊರಿನ, 18 ವರ್ಷ ದಾಟಿದ ಹತ್ತು ಮಂದಿ ಸೇರಿದರೂ ಸಂಘ ಕಟ್ಟಬಹುದಾಗಿತ್ತು. ಆದರೆ ಗ್ರಾಮ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಪ್ರತಿಯೊಬ್ಬನ ಆಸ್ತಿಯೂ ಈಡು. ಹೀಗಾಗಿ ಸಾಲ ಕೇಳಿದವನ ಹೊಲ ಎಷ್ಟು, ಅವನು ಕಷ್ಟಪಟ್ಟು ದುಡಿಯುವವನೆ, ತೆಗೆದುಕೊಂಡ ಹಣ ಬೀಜಕ್ಕೆ ಹೋಯಿತೆ ಇಲ್ಲವೆ ಬೇರೆಡೆಗೆ ಹರಿಯಿತೆ ಎಂಬುದು ಎಲ್ಲರಿಗೂ ಬೇಕಾದ ಸಂಗತಿಯಾಯಿತು. ಊರಿನ ಕಟ್ಟೆಯ ಮೇಲೆ ಬಾಯಿಂದ ಬಾಯಿಗೆ ಹರಿದಾಡುತ್ತಿದ್ದ ಮಾತು ಈಗ ಸದಸ್ಯರ ಪಟ್ಟಿ, ಕೀರ್ದಿ, ಖಾತೆ ಪುಸ್ತಕಗಳಲ್ಲಿ ಅಕ್ಷರರೂಪ ತಾಳಿತು. ವರ್ಷಕ್ಕೊಮ್ಮೆ ರಿಜಿಸ್ಟ್ರಾರರ ಕಡೆಯಿಂದ ಲೆಕ್ಕ ತಪಾಸಣೆ ಆಗಲೇಬೇಕಿತ್ತು. 1912ರ ಕಾಯಿದೆಯಂತೂ ಕ್ರಮವಾಗಿ ಬರೆದಿಟ್ಟ ಸಂಘದ ಪುಸ್ತಕದ ದೃಢೀಕೃತ ನಕಲನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಒಪ್ಪಿಕೊಂಡಿತು. ಒಂದು ತಲೆಮಾರಿನ ಹಿಂದೆ ರೈತರು ಬೆಂಕಿಗೆ ಹಾಕಿದ್ದ ಪುಸ್ತಕವೇ ರೈತರ ಪರವಾಗಿ ಸಾಕ್ಷಿ ನುಡಿಯುವಂತಾಯಿತು! ಇಂದಿನ ವಾಣಿಜ್ಯಶಾಸ್ತ್ರ ಮಾಹಿತಿ ವ್ಯವಸ್ಥೆಯೆಂದು ಕರೆಯುವುದು ಮೂಲತಃ ಇದನ್ನೇ. ವಿವರವನ್ನು ಸಂಗ್ರಹಿಸುವುದು, ಕ್ರಮವಾಗಿ ಬರೆದಿಡುವುದು, ತಾಳೆ ನೋಡುವುದು, ತೀರ್ಮಾನಿಸಬೇಕಾದವರ ಕೈಗೆ ಸಕಾಲದಲ್ಲಿ ಮುಟ್ಟಿಸುವುದು. ಯಂತ್ರ ಅದಕ್ಕೆ ಬಂದದ್ದು ಬಹಳ ತಡವಾಗಿ.

1912ರ ಕಾಯಿದೆ ಪತ್ತಿನ ಸಂಘಗಳಲ್ಲದೆ ಬೇರೆ ಬಗೆಯ ಸಂಘಗಳಿಗೂ ಕೇಂದ್ರ ಬ್ಯಾಂಕುಗಳಿಗೂ ದಾರಿ ಮಾಡಿಕೊಟ್ಟಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘ ಹುಟ್ಟಿತು. 1917ರಲ್ಲಿ ಗದಗಿನಲ್ಲಿಯೂ ಅಂಥದೇ ಸಂಘ ಬಂದಿತು. ಆ ಕಾಲದ ಪೇಟೆಗಳಲ್ಲಿ ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ರೂಢಿಯಿತ್ತು. ಗಾಡಿಯ ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಮಾಲಿನ ಬೆಲೆ ಕೊನೆಗೆ ತಿಳಿಯುತ್ತಿತ್ತು. ಒಳ್ಳೆಯ ತಳಿಯ ಹತ್ತಿಯನ್ನು ಒಟ್ಟಾಗಿ ಮಾರುವ ಸಂಘ ಈ ಮರೆಯನ್ನು ಸರಿಸತೊಡಗಿತು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕು ಸ್ಥಾಪನೆಯಾಯಿತು. ಇಂಥ ಕೇಂದ್ರ ಬ್ಯಾಂಕಿನಿಂದ ಹಳ್ಳಿಗೆ ಹಣ ಹರಿಯಬೇಕಾದರೆ ಹಳ್ಳಿಯಿಂದ ಬ್ಯಾಂಕಿಗೆ ನಂಬಲರ್ಹವಾದ ಲೆಕ್ಕ ಬರಬೇಕಾಗಿತ್ತು. ದೇಶದ 63,000 ಪ್ರಾಥಮಿಕ ಪತ್ತಿನ ಸಂಘಗಳ ಲೆಕ್ಕವನ್ನು ಗಣಕಯಂತ್ರಕ್ಕೆ ಅಳವಡಿಸುವ ಯೋಜನೆಗೆ ಕೇಂದ್ರ ಸರ್ಕಾರ ಮಂಜೂರಾತಿ ಕೊಟ್ಟದ್ದು 2022ರಲ್ಲಿ.

ಸಿದ್ಧನಗೌಡರು ದೀರ್ಘಾಯುಷಿಗಳು. ತಾವು ಹಳ್ಳಿಯಲ್ಲಿ ನೆಟ್ಟ ಸಸಿಯ ಜಾತಿಯ ಗಿಡಗಳು ಗದಗ, ಹುಬ್ಬಳ್ಳಿ, ಧಾರವಾಡಗಳಲ್ಲಿ ಬೇರೂರಿದುದನ್ನು ಕಂಡು, 1933ರಲ್ಲಿ, ಸುಮಾರು 90ರ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು.