ಪೂರ್ವಪಕ್ಷವನ್ನು ಗೌರವಿಸಿದ ಯತಿವರ್ಯ ಶ್ರೀವ್ಯಾಸರಾಜರು

ದ್ವೈತವೇದಾಂತದ ಮುನಿತ್ರಯರೆಂದು ವಿದ್ವಾಂಸರು ಸ್ಮರಿಸುವವರು ಶ್ರೀಮಧ್ವಾಚಾರ್ಯರು, ಶ್ರೀಜಯತೀರ್ಥರು ಹಾಗೂ ಶ್ರೀವ್ಯಾಸರಾಜರು. ಇವರಲ್ಲಿ ಶ್ರೀವ್ಯಾಸರಾಜರ ಜೀವನವು, ಸರಿಯಾಗಿ ಆಲೋಚಿಸುವುದು ಹೇಗೆ, ಆಲೋಚಿಸಿದ್ದನ್ನು ಅನ್ಯರಿಗೆ ಮನಗಾಣಿಸುವುದು ಹೇಗೆ ಎಂಬುದಕ್ಕೆ ಉಜ್ಜ್ವಲ ನಿದರ್ಶನವಾಗಿದೆ.

1460ರ ಸುಮಾರಿಗೆ ಮೈಸೂರಿನ ಸಮೀಪದ ಬನ್ನೂರಿನಲ್ಲಿ ಬಲ್ಲಣ್ಣ ಸುಮತಿ, ಅಕ್ಕಮ್ಮ ದಂಪತಿಗಳಿಗೆ ಜನಿಸಿದ ಇವರ ಪೂರ್ವಾಶ್ರಮದ ನಾಮ ಯತಿರಾಜ. ಅಬ್ಬೂರಿನ ಶ್ರೀಬ್ರಹ್ಮಣ್ಯತೀರ್ಥರಿಂದ ಸಂನ್ಯಾಸ ಸ್ವೀಕರಿಸಿದರು. ಗುರುಗಳು ವೃಂದಾವನಸ್ಥರಾದಾಗ ಇವರಿನ್ನೂ ತರುಣರು. ಪೀಠದ ಹೊಣೆ ಹೆಗಲೇರಿದರೂ ಕಲಿಯುವ ಹಂಬಲ ಕುಗ್ಗಲಿಲ್ಲ. ಕಂಚಿಗೆ ತೆರಳಿ ಅನ್ಯದರ್ಶನಗಳನ್ನು ಅಭ್ಯಸಿಸಿದರು. ತದನಂತರ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಚರಣಸನ್ನಿಧಿಯಲ್ಲಿ ಹಲವು ವರ್ಷ ಸ್ವಸಿದ್ಧಾಂತವನ್ನು ಅಧ್ಯಯನ ಮಾಡಿದರು.

ಅಂದಿನ ವಿದ್ವತ್ಪ್ರಪಂಚದಲ್ಲಿ ಮಿಥಿಲೆಯ ಗಂಗೇಶೋಪಾಧ್ಯಾಯರ ತತ್ತ್ವಚಿಂತಾಮಣಿಯಿಂದ ಹೊಮ್ಮಿದ ನವ್ಯನ್ಯಾಯದ ಪ್ರಭಾವ ಹಬ್ಬುತ್ತಿತ್ತು. ಆ ಸೂಕ್ಷ್ಮ ಪರಿಭಾಷೆಯಲ್ಲಿ ಮಾತನಾಡಲಾರದ ಸಿದ್ಧಾಂತವು ಎಷ್ಟೇ ಸತ್ಯವಾಗಿದ್ದರೂ ಪಂಡಿತಸಭೆಯಲ್ಲಿ ಮೂಲೆಗುಂಪಾಗುವ ಅಪಾಯವಿತ್ತು. ಶ್ರೀಗಳವರು ಆ ಶಾಸ್ತ್ರವನ್ನು ದೂರವಿಡಲಿಲ್ಲ. ಆಮೂಲಾಗ್ರವಾಗಿ ಅರಿತು, ಅದರದೇ ಪರಿಭಾಷೆಯಲ್ಲಿ ಅದನ್ನು ವಿಮರ್ಶಿಸಿ ತರ್ಕತಾಂಡವವನ್ನು ರಚಿಸಿದರು.

ಅವರ ನ್ಯಾಯಾಮೃತವು ವಾದಕ್ರಮದ ಮೇರುಕೃತಿ. ಜಗತ್ತು ಮಿಥ್ಯೆ, ಏಕೆಂದರೆ ಅದು ದೃಶ್ಯ, ಕಪ್ಪೆಚಿಪ್ಪಿನಲ್ಲಿ ತೋರುವ ಬೆಳ್ಳಿಯಂತೆ ಎಂಬುದು ಅದ್ವೈತಿಗಳ ಅನುಮಾನ. ಶ್ರೀಗಳವರು ಇದನ್ನು ಒಮ್ಮೆಲೇ ತಳ್ಳಿಹಾಕಲಿಲ್ಲ. ಮಿಥ್ಯೆ ಎಂಬ ಪದದ ಅರ್ಥವೇನೆಂದು ಮೊದಲು ವಿಚಾರಿಸಿದರು. ಅದ್ವೈತಾಚಾರ್ಯರು ನೀಡಿದ ಐದು ಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಿದರು. ಆ ಬಳಿಕ ಹೇತುವನ್ನು ಒರೆಗೆ ಹಚ್ಚಿದರು. ಅನುಮಾನವು ಪ್ರತ್ಯಕ್ಷವನ್ನೇ ಆಶ್ರಯಿಸಿ ನಿಂತಿರುವಾಗ, ಪರೀಕ್ಷಿತವಾದ ಪ್ರತ್ಯಕ್ಷವನ್ನು ಅದು ಬಾಧಿಸಲಾರದೆಂದು ನಿರೂಪಿಸಿದರು. ಎದುರಾಳಿಯ ಪಕ್ಷವನ್ನು ದುರ್ಬಲಗೊಳಿಸಿ ಗೆಲ್ಲುವುದು ಸುಲಭ. ಅದರ ಪೂರ್ಣ ಬಲದೊಡನೆ ಮುಂದಿಟ್ಟು ಉತ್ತರಿಸುವುದೇ ಅವರ ಮಾರ್ಗವಾಗಿತ್ತು.

ಈ ಸಿದ್ಧತೆಯೇ ವಿಜಯನಗರದ ಆಸ್ಥಾನದಲ್ಲಿ ಫಲಿಸಿತು. ಕಳಿಂಗದಿಂದ ಬಂದ ಬಸವಭಟ್ಟರೆಂಬ ವಿದ್ವಾಂಸರೊಡನೆ ಅನೇಕ ದಿನಗಳ ವಾದ ನಡೆಸಿ ಜಯಿಸಿದರೆಂಬುದು ಪ್ರಸಿದ್ಧ. ಶ್ರೀಕೃಷ್ಣದೇವರಾಯನು ಅವರನ್ನು ಗುರುಭಾವದಿಂದ ಗೌರವಿಸಿದನು.

ಮನವೊಲಿಕೆಗೆ ಸಂಸ್ಕೃತ ಪರಿಭಾಷೆಯೊಂದೇ ಸಾಧನವೆಂದು ಶ್ರೀಗಳವರು ಎಣಿಸಲಿಲ್ಲ. ಕನಕದಾಸರ ಮೇಲಿನ ಅವರ ವಾತ್ಸಲ್ಯವನ್ನು ಕೆಲವು ಶಿಷ್ಯರು ಸಹಿಸದಿದ್ದಾಗ, ಎಲ್ಲರಿಗೂ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ಕಾಣದೆಡೆಯಲ್ಲಿ ತಿಂದು ಬರುವಂತೆ ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ಎಲ್ಲರೂ ತಿಂದು ಬಂದರು; ಭಗವಂತನಿಲ್ಲದ ತಾಣ ಕಾಣದೆ ಕನಕದಾಸರು ಮಾತ್ರ ಹಣ್ಣನ್ನು ಹಾಗೆಯೇ ಹಿಂದಿರುಗಿಸಿದರು. ಗದರಿಸಿದ್ದರೆ ಶಿಷ್ಯರು ಮೌನವಾಗುತ್ತಿದ್ದರೇ ಹೊರತು ಒಪ್ಪುತ್ತಿರಲಿಲ್ಲ. ಕಣ್ಣೆದುರಿನ ಪ್ರಮಾಣವು ಅವರನ್ನು ಒಪ್ಪಿಸಿತು.

1539ರಲ್ಲಿ ಶ್ರೀಗಳವರು ವಿಜಯನಗರದಲ್ಲಿ ಹರಿಪಾದವನ್ನು ಸೇರಿದರು. ಆನೆಗೊಂದಿಯ ಸಮೀಪ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನದಲ್ಲಿ ಅವರ ವೃಂದಾವನವಿದೆ. ಆದರೆ ಅವರು ಆರಂಭಿಸಿದ ವಾದ ಅಲ್ಲಿಗೆ ನಿಲ್ಲಲಿಲ್ಲ. ಮಧುಸೂದನ ಸರಸ್ವತಿಗಳು ನ್ಯಾಯಾಮೃತಕ್ಕೆ ಉತ್ತರವಾಗಿ ಅದ್ವೈತಸಿದ್ಧಿಯನ್ನು ರಚಿಸಿದರು. ಅದಕ್ಕೆ ವ್ಯಾಸ ರಾಮಾಚಾರ್ಯರು ತರಂಗಿಣಿಯಿಂದ ಪ್ರತ್ಯುತ್ತರವಿತ್ತರು. ಪ್ರತಿಪಕ್ಷದ ಶ್ರೇಷ್ಠ ಮೇಧಾವಿಯೊಬ್ಬರು ಉತ್ತರಿಸಲೇಬೇಕೆಂದು ಭಾವಿಸಿದ್ದು ನ್ಯಾಯಾಮೃತಕ್ಕೆ ಸಂದ ಪರಮ ಗೌರವವಲ್ಲವೇ?

ಕಚೇರಿಯ ಚರ್ಚೆಯಲ್ಲಾಗಲಿ ಮನೆಯ ಮಾತುಕತೆಯಲ್ಲಾಗಲಿ, ನಾವು ಉತ್ತರಿಸಲು ಅವಸರಪಡುತ್ತೇವೆ. ಎದುರಿನವರ ಮಾತನ್ನು ಅವರೇ ಒಪ್ಪುವಂತೆ ಹೇಳಬಲ್ಲೆವೇ, ಪದದ ಅರ್ಥ ಸ್ಪಷ್ಟವಿದೆಯೇ, ನಮ್ಮ ಹೇತು ದೃಢವೇ ಎಂದು ಮೊದಲು ಪರೀಕ್ಷಿಸಿಕೊಳ್ಳುವ ವಿವೇಕವನ್ನು ಶ್ರೀವ್ಯಾಸರಾಜ ಗುರುಸಾರ್ವಭೌಮರು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥